ಹಂಪಯ್ಯನವರ ಉಸಿರು

ಅಥವಾ ವೀರೇಶಣ್ಣ ಹಾಗೆ ಹೇಳಿರಲೇ ಇಲ್ಲವೇನೋ. ಹೊಸಪೇಟೆಯ ಅವರ ರೆಕಾರ್ಡಿಂಗ್ ಸ್ಟುಡಿಯೋಗೆ ಕೆಲಸ ಕಲಿಯಲು ಹೋದ ಮೊದಲ ದಿನ, "ಹಾಡಿನಾಗ ಬ್ಯಾಡಾದ ಸಪ್ಪಳ ಒಂದೂ ಉಳೀಬಾರ್ದು ತಂಗಿ" ಎಂದರು ಅಂತ ನನ್ನ ನೆನಪು. ಈ ಮಾತನ್ನು ನನ್ನ ಸಮರ್ಥನೆಗೆಂದು ಆಮೇಲೆ ನಾನೇ ಹೊಸೆದುಕೊಂಡಿರಲೂಬಹುದು.

"ಒಂದು ಹಾಡು ನೋಡೋಣು, ಆಮ್ಯಾಲೆ ಇರೋದೋ ಹೋಗೋದೋ" ಎಂದದ್ದು ಮಾತ್ರ ಖಚಿತ. ಹೋಗುವುದೆಂದರೆ ನಾನು ಬಿಟ್ಟು ಬಂದಿದ್ದ ತೋರಣಗಲ್ಲಿನ ಆಫೀಸು, ಅದೇ ಕಂಪನಿ ಬಸ್ಸು, ಅದೇ ಕಿಟಕಿ.

ಆ ಒಂದು ಹಾಡು ಕಂಪ್ಲಿಯ ಹಂಪಯ್ಯನವರದು. ಅಕ್ಕಿ ಗಿರಣಿಯ ಮಾಲೀಕರು, ಭಜನಾ ಮಂಡಳಿಯ ಮುಖ್ಯ ಗಾಯಕರು. ಗಿರಣಿಯ ಸದ್ದಿನ ಮೇಲೆ ಕೂಗಿ ಪಳಗಿದ ದನಿ. ಮೈಕಿನಿಂದ ಅವರನ್ನು ಬಾಗಿಲ ತನಕ ಹಿಂದೆ ಸರಿಸಬೇಕಾಯಿತು. ಪ್ರತಿ ಸಾಲಿಗೆ ಮುಂಚೆ ಅವರು ಎಳೆದುಕೊಳ್ಳುವ ಉಸಿರು ಬಸ್ಸಿನ ಬಾಗಿಲು ತೆರೆದಂತೆ ಕೇಳುತ್ತಿತ್ತು. ಅವರು ಊಟಕ್ಕೆ ಹೋದಾಗ ನಾನು ಕಂಪ್ಯೂಟರಿನ ಮುಂದೆ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ನಿಷ್ಠೆಯಿಂದ, ಆ ಉಸಿರುಗಳನ್ನೆಲ್ಲ ಹೆಕ್ಕಿ ಅಳಿಸಿದೆ. ಹಳೆಯ ಫೈಲಿನ ಮೇಲೆಯೇ ಸೇವ್ ಕೂಡ ಮಾಡಿದೆ, ಮೊದಲಿನದು ಅಳಿಸಿಹೋಯಿತು.

ಬಂದು ಹಾಡು ಕೇಳಿದ ಹಂಪಯ್ಯನವರ ಮುಖ ಸಣ್ಣದಾಯಿತು. "ವೀರೇಶಾ, ಇದರಾಗ ಹಾಡಾಂವ ಯಾರಲೇ? ಉಸಿರೇ ಆಡವಲ್ಲ. ನಾ ಇನ್ನೂ ಬದುಕೀನಪಾ!"

"ಇನ್ನೊಮ್ಮೆ ಹಾಡಿಬಿಡ್ರಿ ಯಜಮಾನ್ರ."

"ಹೊಟ್ಟಿ ತುಂಬ ರೊಟ್ಟಿ ಉಂಡೀನಿ. ಇನ್ನ ಹಾಡು ಬರಂಗಿಲ್ಲ, ತೇಗು ಬರ್ತಾವ" ಎಂದು ಅವರು ಚಹಾಕ್ಕೆ ಹೊರಟೇಬಿಟ್ಟರು.

ಪ್ರಾಣ ಮತ್ತು ಅಗ್ನಿ ಕೂಡಿದರೆ ನಾದ ಹುಟ್ಟುತ್ತದೆ ಎಂದು ಹಳೆಯ ಸಂಗೀತಶಾಸ್ತ್ರದವರು ಹೇಳುತ್ತಾರಂತೆ. ನಾನು ಪ್ರಾಣವನ್ನು ಕತ್ತರಿಸಿ ಬಿಸಾಕಿ ಬರೀ ಅಗ್ನಿಯನ್ನು ಉಳಿಸಿದ್ದೆ. ಆ ಅಗ್ನಿ ಈಗ ವೀರೇಶಣ್ಣನ ಕಣ್ಣಲ್ಲಿತ್ತು. ಬೈಯಲಿಲ್ಲ, ಮೈಕು ತಂದು ನನ್ನ ಮೂಗಿನ ಮುಂದೆ ನಿಲ್ಲಿಸಿದರು.

"ತೆಗೆದಾಕಿ ನೀನ, ತುಂಬಾಕೀನೂ ನೀನ. ಉಸಿರು ಎಳಿ, ಜಲ್ದಿ."

ಹಾಡನ್ನು ಕಿವಿಗೆ ಹಾಕಿಕೊಂಡು ಎಳೆದೆ.

"ಇದು ಸೀರಿ ಅಂಗಡ್ಯಾಗ ರೇಟ್ ಕೇಳಿದ ಉಸಿರು ತಂಗಿ. ಅಂವ ಗಿರಣಿ ಮಾಲೀಕ ಅದಾನ. ಹೊಟ್ಟಿಯಿಂದ ಬರ್ಲಿ!"

ತಲೆ ಸುತ್ತುವವರೆಗೆ ಗಿರಣಿ ಮಾಲೀಕಳಾದೆ.

ಆಮೇಲೆ ವೀರೇಶಣ್ಣ ನನ್ನನ್ನು ಹೊರಗೆ ಗಾಳಿಗೆ ಕಳಿಸಿ, ಒಬ್ಬರೇ ಕೂತು ಹಾಡನ್ನು ಜೋಡಿಸಿದರು. ಹಂಪಯ್ಯನವರು ಬಂದು ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಸಾಲಿಗೇ ತಲೆದೂಗಿದರು. "ಹಾಂ, ಈಗ ನಾ ಬಂದೆ ನೋಡು. ನಮ್ಮಪ್ಪನೂ ಹಿಂಗ ಉಸಿರು ಎಳೀತಿದ್ದ."

ವೀರೇಶಣ್ಣ ನನ್ನತ್ತ ನೋಡದೆ "ನಾಳೆ ಬಾ" ಎಂದರು. ನಾಳೆ ಹೋದೆ, ಇನ್ನೂ ಹೋಗುತ್ತಲೇ ಇದ್ದೇನೆ.

ಅವರು ಪ್ರತಿ ರೆಕಾರ್ಡಿಂಗಿನ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಂದು ಕೂಡ ಇಟ್ಟಿದ್ದರೆ, ಹಂಪಯ್ಯನವರು ಮೆಚ್ಚಿದ್ದು ತಮ್ಮ ಉಸಿರನ್ನೇ, ಇಟ್ಟಿರದಿದ್ದರೆ ನನ್ನದನ್ನು. ನಾನು ಕೇಳಿಲ್ಲ, ಅವರು ಹೇಳಿಲ್ಲ. ಎಷ್ಟೋ ಸಲ ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಕೇಳಿದ್ದೇನೆ. ಕೇಳಿ ಗುರುತಿಸುವುದೇ ಈಗ ನನ್ನ ಉದ್ಯೋಗ. ಆದರೂ ಅದು ಯಾರ ಉಸಿರೋ ನನಗೆ ಗೊತ್ತಿಲ್ಲ.