ಬಲಗಡೆಯ ಉಂಗುರ

ಬಸ್ಸಮ್ಮಾ, ನೀನು ದಾರಿ ತಪ್ಪಿದವಳಲ್ಲ. ತಪ್ಪಿದ್ದು ನನ್ನ ಕೈ. ಅದು ಗೊತ್ತಿದ್ದೂ ಡಾಕ್ಟರಾದ ನಾನು ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಎಂಬತ್ತರ ದಶಕದ ಕೊನೆ. ಮಸ್ಕಿಯ ಶಾಲೆಯೊಂದರಲ್ಲಿ ಮಕ್ಕಳಾಗದಂತೆ ಮಾಡುವ ಆಪರೇಷನ್ ಕ್ಯಾಂಪು. ಹೊಕ್ಕುಳ ಕೆಳಗೆ ಸಣ್ಣ ಗಾಯ, ಹೊಟ್ಟೆಗೆ ಗಾಳಿ, ಆಮೇಲೆ ದುರ್ಬೀನಿನಲ್ಲಿ ನೋಡುತ್ತ ಎರಡೂ ಗರ್ಭನಾಳಕ್ಕೆ ರಬ್ಬರಿನ ಉಂಗುರ — ಸಂಜೆಯ ಬಸ್ಸಿಗೆ ಮನೆ. ಲಿಂಗಸುಗೂರು, ಸಿಂಧನೂರು ಅಂತ ಕ್ಯಾಂಪು ಸುತ್ತಿ ಹೈರಾಣಾಗಿದ್ದೆ. ನಿನ್ನ ಸರದಿಗೆ ಗಾಜು ಮಂಜಾಗಿತ್ತು. ಒರೆಸಿ ನೋಡಬೇಕಿತ್ತು... ಬಲಗಡೆ ಕಂಡದ್ದೇ ನಾಳ ಅಂದುಕೊಂಡು ಉಂಗುರ ಬಿಟ್ಟೆ. "ಆತು, ಏಳವ್ವ" ಅಂದೆ.

ಮರುವರ್ಷ ನೀನು ಬಸುರಿ. ಕೂಸು ಗಂಡನದೇ ಅಂತ ಪಾಮನಕಲ್ಲೂರಿನ ಹಿರಿಯರ ಮುಂದೆ ವಿಭೂತಿ ಮುಟ್ಟಿ ಆಣೆ ಮಾಡಿದೆಯಂತೆ. ನಿನ್ನ ಗಂಡ ಅಮರಪ್ಪ ನನ್ನಲ್ಲಿಗೆ ಬಂದು ಬಾಗಿಲಲ್ಲೇ ನಿಂತ.

"ಅಮ್ಮಾರೆ, ಆಪರೇಷನ್ ಆದ ಮ್ಯಾಲೂ ಹಿಂಗ ಆಗ್ತೈತೇನ್ರೀ? ಖರೇ ಹೇಳ್ರಿ."

ಒಮ್ಮೊಮ್ಮೆ ಆಗುತ್ತದೆ — ಅಷ್ಟಂದಿದ್ದರೆ ಸಾಕಿತ್ತು. ನನ್ನ ಹೆಸರು ಕೆಟ್ಟೀತು ಅನ್ನುವ ಭಯ. "ನಾ ಮಾಡಿದ್ದು ಸರಿ ಐತಿ" ಅಂದುಬಿಟ್ಟೆ. ನಿನ್ನ ಆಣೆಯನ್ನು ನಂಬದವರು, ಆಣೆಯಿಲ್ಲದ ನನ್ನ ಮಾತನ್ನು ನಂಬಿದರು. ಅಮರಪ್ಪ ನಿನ್ನನ್ನು ವಳಕಮದಿನ್ನಿಯ ತವರಿಗೆ ಬಿಟ್ಟುಬಂದ.

ಆಗ ನನಗಿದ್ದದ್ದು ಅನುಮಾನ ಮಾತ್ರ ಅನ್ನಬಹುದಿತ್ತು. ಆದರೆ ನೀನು ಹೆರಿಗೆಗೆ ನಮ್ಮ ಸಿಂಧನೂರಿನ ಆಸ್ಪತ್ರೆಗೇ ಬಂದೆ. ಹೆಣ್ಣು ಹುಟ್ಟಿದ ಮೇಲೆ ಹೊಟ್ಟೆ ಕೊಯ್ದು ಮತ್ತೆ ಆಪರೇಷನ್ ಮಾಡಿದವಳು ನಾನೇ — ಕಣ್ಣಾರೆ ಕಂಡೆ. ಬಲಗಡೆಯ ಉಂಗುರ ನಾಳ ಬಿಟ್ಟು, ಗರ್ಭಕೋಶವನ್ನು ಹಿಡಿದಿಡುವ ಪಕ್ಕದ ಹುರಿಗೆ ಬಿದ್ದಿತ್ತು. ಯಾರಿಗೂ ಹೇಳದೆ ಹೊಲಿಗೆ ಹಾಕಿದೆ.

"ಈ ಸಲ ಸರಿ ಆತೇನ್ರೀ ಅಮ್ಮಾರೆ?" ಅಂದೆ ನೀನು. ನಿನಗೆ ಎಲ್ಲ ತಿಳಿಯಿತೇ... "ಆತವ್ವ" ಅಂದೆ. ನೀನು ಕೈ ಮುಗಿದೆ. ಛೀ, ನನಗೆ ಕೈ ಮುಗಿದೆಯಲ್ಲ ತಾಯಿ!

ಈಗ ತೊಂಬತ್ತರ ದಶಕವೂ ಮುಗಿಯುತ್ತ ಬಂತು. ನಿನ್ನ ಮಗಳು ಶಾಲೆಯಲ್ಲಿ ಅಪ್ಪನ ಹೆಸರು ಕೇಳಿದರೆ ತಲೆ ತಗ್ಗಿಸುತ್ತಾಳಂತೆ. ದಣಿದಿದ್ದೆ ಅಂತ ನಾನು ಹೇಳುವುದಿಲ್ಲ. ಸುಳ್ಳಾಡುವಾಗ ನನಗೆ ಯಾವ ದಣಿವೂ ಇರಲಿಲ್ಲ.

ನಾಳೆ ಪಾಮನಕಲ್ಲೂರಿಗೆ ಹೋಗುತ್ತೇನೆ. ಅಮರಪ್ಪನ ಮುಂದೆ, ಹಿರಿಯರಲ್ಲಿ ಉಳಿದವರ ಮುಂದೆ ವಿಭೂತಿ ಮುಟ್ಟಿ ಹೇಳುತ್ತೇನೆ. ಅಲ್ಲಿಂದ ನಿನ್ನ ಮನೆಗೆ. ನೀನು ನನ್ನನ್ನು ಒಳಗೆ ಕರೆಯಬೇಕಾಗಿಲ್ಲ. ಮಗಳನ್ನು ಬಾಗಿಲಿಗೆ ಕಳಿಸು, ಸಾಕು. "ಅಮರಪ್ಪನೇ ನಿಮ್ಮಪ್ಪ, ತಂಗಿ" ಅಂತ ಅವಳಿಗೆ ನನ್ನ ಬಾಯಿಂದಲೇ ಹೇಳಬೇಕು.