ಚಳಿಗೆ ಏಳದ ಮುಳ್ಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಾರೆ. ಆ ಚಳಿಗಾಲದಲ್ಲಿ ಆ ಸಿಟ್ಟೆಲ್ಲ ಒಂದು ಸಣ್ಣ ಮುಳ್ಳಿನ ಮೇಲಿತ್ತು. ನನ್ನ ಹಳೆಯ ಡೀಸೆಲ್ ವ್ಯಾನಿನಲ್ಲಿ ಇಂಜಿನ್ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಅದು. ಎಂಟು ವರ್ಷದಿಂದ ಪುಣೆಯಲ್ಲಿ ಅದೇ ವ್ಯಾನಿನಲ್ಲಿ ಹನ್ನೊಂದು ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತೇನೆ. ಇಂಜಿನ್ ಚಾಲೂ ಮಾಡಿದ ಕೂಡಲೇ ಎದ್ದು ನಿಲ್ಲುತ್ತಿದ್ದ ಮುಳ್ಳು, ಚಂಪಾಷಷ್ಠಿ ಕಳೆದ ಮೇಲೆ ಬೆಳಿಗ್ಗೆ ಏಳಲು ಒಲ್ಲೆ ಅನ್ನತೊಡಗಿತು. ಇಂಜಿನ್ ಕಾಯುತ್ತ ಹೋದ ಹಾಗೆ ಏನೂ ಆಗಿಲ್ಲವೆಂಬಂತೆ ಮೇಲೇರುತ್ತಿತ್ತು. ಅದು ಏರುವವರೆಗೆ ನಾನು ಗಾಡಿ ಹೊರಡಿಸುತ್ತಿರಲಿಲ್ಲ.

ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಸರಿಯಾಗಿಯೇ ಇತ್ತು. ಗಂಡನನ್ನು ಜೊತೆಗೆ ಕರೆದುಕೊಂಡು ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯವನು ಬಾನೆಟ್ ಕೂಡ ಎತ್ತದೆ, ನನ್ನ ಕಡೆ ನೋಡದೆ, ಎಣ್ಣೆಯ ಕಡ್ಡಿ ಎಲ್ಲಿದೆ ಅಂತಲೇ ಗೊತ್ತಿಲ್ಲದ ನನ್ನ ಗಂಡನಿಗೆ ಮರಾಠಿಯಲ್ಲಿ ತೀರ್ಪು ಕೊಟ್ಟ: ಒಳಗೆ ಬೇರಿಂಗ್ ಸವೆದಿವೆ, ಇಂಜಿನ್ ಪೂರ್ತಿ ಬಿಚ್ಚಬೇಕು, ಒಂದು ತಿಂಗಳು ಗಾಡಿ ಇಲ್ಲೇ ಇರಲಿ. ಒಂದು ತಿಂಗಳು ವ್ಯಾನ್ ಇಲ್ಲದಿದ್ದರೆ ಮಕ್ಕಳ ತಂದೆತಾಯಿ ಬೇರೆ ವ್ಯಾನ್ ಹುಡುಕುತ್ತಾರೆ, ಮತ್ತೆ ತಿರುಗಿ ಬರುವುದಿಲ್ಲ. ಎಂಟು ವರ್ಷದ ಕೆಲಸ ನನ್ನ ಕೈಬಿಟ್ಟು ಹೋಗುತ್ತಿತ್ತು. ಮನೆಗೆ ಬಂದು ಎಲ್ಲರ ಮೇಲೂ ಹರಿಹಾಯ್ದೆ. ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಅತ್ತೆ, "ಗಾಡಿಗೆ ಅಷ್ಟು ಜಡ್ಡಾಗೇದೇನ ಯವ್ವಾ?" ಅಂತ ಕೇಳಿದರು. "ನಿಮಗದರಾಗಿಂದು ಏನ್ ತಿಳೀತದ್ರಿ ಅತ್ತಿ, ಸುಮ್ಕಿರ್ರಿ" ಅಂದುಬಿಟ್ಟೆ. ಅವರು ಮತ್ತೆ ಬತ್ತಿ ಹೊಸೆಯತೊಡಗಿದರು.

ಸಾಸವಡ ರಸ್ತೆಯಲ್ಲಿ ಅಕ್ಕಲಕೋಟೆ ಕಡೆಯ ಒಬ್ಬ ಮುದುಕ ಗಾಡಿ ಮಿಸ್ತ್ರಿ ಇದ್ದಾರೆ, ನಮ್ಮ ಕನ್ನಡದವರು. ಮರುದಿನ ಮಕ್ಕಳನ್ನು ಬಿಟ್ಟು ನೇರ ಅವರ ಹತ್ತಿರ ಹೋದೆ. ಅವರು ಗಾಡಿ ಮುಟ್ಟಲಿಲ್ಲ. ಮುಳ್ಳು ಯಾವಾಗ ಬೀಳುತ್ತದೆ, ಯಾವಾಗ ಏಳುತ್ತದೆ ಅಂತ ಮೂರು ಸಲ ತಿರುಗಿಸಿ ತಿರುಗಿಸಿ ಕೇಳಿದರು.

"ಉಲ್ಟಾ ಅದ ಅಕ್ಕಾರ" ಅಂದರು. "ಚಳಿಗೆ ಎಣ್ಣಿ ದಪ್ಪ ಆಗತದ, ಬಿಸಿಗೆ ತೆಳ್ಳಗ. ಬೇರಿಂಗ್ ಸವದಿದ್ರ ಬಿಸಿ ಆದಮ್ಯಾಲೆ ಮುಳ್ಳು ಬೀಳಬೇಕು. ನಿಮ್ದು ತಣ್ಣಗಿದ್ದಾಗ ಬಿದ್ದು ಬಿಸಿಗೆ ಏಳತದ. ಓಡಿಸಿಕೊಂಡು ತಂದ್ರ ಅದು ನನ್ನ ಮುಂದ ಜಡ್ಡು ತೋರಸೂದಿಲ್ಲ. ನಾಳೆ ನಸುಕಿನ್ಯಾಗ ನಾನ ಬರ್ತೀನಿ. ಅಲ್ಲೀತನ ಚಾಲೂ ಮಾಡಬ್ಯಾಡ್ರಿ."

ಹೇಳಿದ ಹಾಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಸ್ಕೂಟರಿನಲ್ಲಿ ಬಂದರು. ಬಾನೆಟ್ ಮೇಲೆ ಇಬ್ಬನಿ ನೀರಾಗಿ ಇಳಿಯುತ್ತಿತ್ತು. ಇಂಜಿನ್ನಿನ ಪಕ್ಕಕ್ಕಿದ್ದ ಹೆಬ್ಬೆಟ್ಟು ಗಾತ್ರದ ಸೆನ್ಸರನ್ನು ತೋರಿಸಿ, ಡ್ಯಾಶ್‌ಬೋರ್ಡಿನ ಮುಳ್ಳಿಗೆ ಸುದ್ದಿ ಮುಟ್ಟಿಸುವುದು ಇದೇ ಅಂದರು. ಅದರ ವೈರ್ ಕಿತ್ತು, ಅದನ್ನೂ ಬಿಚ್ಚಿ, ಆ ತೂತಿಗೆ ತಮ್ಮ ಚೀಲದಲ್ಲಿದ್ದ, ಒತ್ತಡ ನೇರವಾಗಿ ಅಳೆಯುವ ಹಿತ್ತಾಳೆಯ ಮೀಟರನ್ನು ಕೂರಿಸಿದರು. "ಈಗ ಹಚ್ಚರಿ."

ಕೀಲಿ ತಿರುಗಿಸಿದೆ. ಇಂಜಿನ್ ಗುಡುಗಿತು. ಇಳಿದು ಓಡಿ ಬಂದು ನೋಡಿದರೆ, ಹಿತ್ತಾಳೆ ಮೀಟರಿನ ಮುಳ್ಳು ನೆಟ್ಟಗೆ ನಿಂತಿತ್ತು! ಆ ಚಳಿಯಲ್ಲಿ, ದಪ್ಪಗಾದ ಎಣ್ಣೆಯನ್ನು ಆ ಮುದಿ ಇಂಜಿನ್ ಅಷ್ಟು ಜೋರಾಗಿ ದಬ್ಬುತ್ತಿತ್ತು. "ಒಳಗ ಕಬ್ಬಿಣಕ್ಕ ಕಬ್ಬಿಣ ತಾಗೂದಿಲ್ರಿ ಅಕ್ಕಾರ" ಅಂದರು ಮಿಸ್ತ್ರಿ. "ನಡುವ ಎಣ್ಣಿ ಇರ್ತದ, ಕೂದಲಕ್ಕಿಂತ ತೆಳ್ಳಗ. ಅದರ ಮ್ಯಾಲೆ ಎಲ್ಲಾ ತೇಲಕೋತ ತಿರಗತದ." ನನಗೆ ಮೈ ಜುಂ ಅಂದಿತು. ಎಂಟು ವರ್ಷ ಆ ಹನ್ನೊಂದು ಮಕ್ಕಳನ್ನು ಹೊತ್ತು ನಾನು ತಿರುಗಿದ್ದು ಕಣ್ಣಿಗೆ ಕಾಣದ ಆ ಎಣ್ಣೆಯ ಪದರದ ಮೇಲೆಯೇ. ಎಷ್ಟು ಸಲ ಅದಕ್ಕೆ ಬೈದಿದ್ದೆನೋ! ಅಲ್ಲೇ ನಿಂತು ಮನಸ್ಸಿನಲ್ಲಿ ಕೈಮುಗಿದೆ.

ಇಂಜಿನ್ ಬಂದ್ ಮಾಡಿಸಿ ಅವರು ಸೆನ್ಸರನ್ನು ಬೆಳಕಿಗೆ ಹಿಡಿದರು. ವೈರ್ ಸಿಕ್ಕಿಸುವ ಬಾಯಿಗೆ ಇರಬೇಕಾದ ರಬ್ಬರಿನ ಟೋಪಿ ಹರಿದಿತ್ತು. ಒಳಗೆ ಹಳದಿ ಕೆಸರು ತುಂಬಿತ್ತು. "ರಾತ್ರಿ ಇಬ್ಬನಿಗೆ ಇದು ಹಸಿ ಆಗತದ, ವೈರಿಗೆ ಕರೆಂಟ್ ಸರಿ ಮುಟ್ಟೂದಿಲ್ಲ, ಮುಳ್ಳು ಬೀಳತದ. ಇಂಜಿನ್ ಕಾದು ಒಣಗಿತಂದ್ರ ಏಳತದ" ಅಂದರು. ಬೆರಳಿಗೆ ಹತ್ತಿದ ಹಳದಿಯನ್ನು ಮೂಸಿದರು. ಒರೆಸಿಕೊಳ್ಳುವ ಮೊದಲು ಅದನ್ನು ಹಣೆಗೆ ಮುಟ್ಟಿಸಿಕೊಂಡರು.

"ಭಂಡಾರ ಅದ. ಜೇಜುರಿದು."

ನಾನು ತಿರುಗಿ ನೋಡಿದೆ. ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು, ಬಲಗೈ ಮುಷ್ಟಿ ಸೆರಗಿನ ಒಳಗೆ. ಚಂಪಾಷಷ್ಠಿಗೆ ಜೇಜುರಿಯ ಮೈಲಾರಲಿಂಗನಿಗೆ ಹೋಗಿ ಅರಿಶಿನದ ಭಂಡಾರ ತಂದವರು ಅವರೇ. ನಾನು ದಿನಾ ಬೆಳಿಗ್ಗೆ ಎಣ್ಣೆ ನೋಡಿ, ಬಾನೆಟ್ ತೆರೆದಿಟ್ಟು ಕೈ ತೊಳೆಯಲು ಒಳಗೆ ಹೋಗುತ್ತೇನೆ. ಅಷ್ಟರಲ್ಲಿ ಅವರು ಬಂದು ಇಂಜಿನ್ ಮೇಲೆ ಒಂದು ಚಿಟಿಕೆ ಹಾಕಿ ಹೋಗುತ್ತಿದ್ದರು. ಮುಳ್ಳು ಬಿದ್ದಿದೆ ಅಂತ ನಾನು ಚೀರಾಡಿದ ಮೇಲೆ ಚಿಟಿಕೆ ಹೋಗಿ ಹಿಡಿ ಆಗಿತ್ತು.

"ನನ್ನಿಂದನ ಆತೇನ?" ಅಂದರು ಮೆಲ್ಲಗೆ.

ಸಿಟ್ಟು ಬಾಯಿತನಕ ಬಂದಿತ್ತು. "ಗಾಡಿಗೆ ಯಾಕ ಹಾಕಿದ್ರಿ ಅತ್ತಿ?" ಅಂದೆ.

"ಗಾಡಿಗೆ ಎಲ್ಲಿ ಹಾಕಿದೆನ ಯವ್ವಾ" ಅಂದರು. "ನೀ ಅದರಾಗ ಕೂಡತಿ ಅಂತ ಹಾಕಿದೆ."

ಮಿಸ್ತ್ರಿ ಸೆನ್ಸರ್ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು. ನಾನು ಹೊಸ್ತಿಲಿನವರೆಗೆ ಹೋದೆ. ಮೊಣಕಾಲು ನೋವಿನ ಆ ಜೀವ ಇಷ್ಟು ಚಳಿಯಲ್ಲಿ ದಿನಾ ನನ್ನ ಹಿಂದೆಯೇ ಮೆಟ್ಟಿಲಿಳಿದು ಬರುತ್ತಿತ್ತು. ನನಗೆ ಅದರ ಸುಳಿವೇ ಇರಲಿಲ್ಲ. ಸೆರಗಿನೊಳಗಿನ ಮುಷ್ಟಿ ಹಿಡಿದು ಹೊರಗೆ ತೆಗೆದೆ. ಬೆರಳು ತಣ್ಣಗಿದ್ದವು.

"ಇನ್ನಮ್ಯಾಲೆ ಇಲ್ಲಿ ಹಚ್ಚರಿ" ಅಂತ ಹಣೆ ಬಗ್ಗಿಸಿದೆ.

ಮಿಸ್ತ್ರಿ ಸೆನ್ಸರನ್ನು ತೊಳೆದು ಒಣಗಿಸಿ, ವೈರ್ ಸಿಕ್ಕಿಸಿ ಮತ್ತೆ ಕೂರಿಸಿದರು. ಆರೂಕಾಲಿಗೆ ಮೊದಲ ಮಗು ವ್ಯಾನ್ ಹತ್ತಿ, "ಮಾವಶಿ, ನಿನ್ನ ಮುಖವೆಲ್ಲ ಹಳದಿ!" ಅಂತ ಮರಾಠಿಯಲ್ಲಿ ಕೂಗಿ ನಕ್ಕಿತು. ಒರೆಸಿಕೊಳ್ಳಲಿಲ್ಲ. ಮುಳ್ಳು ನೆಟ್ಟಗೆ ನಿಂತಿತ್ತು, ಗಾಡಿ ಹೊರಡಿಸಿದೆ.