ಸ್ವೀಡಲ್ ಬರೆದ ತಪ್ಪು ವರದಿ

ಸ್ವೀಡಲ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ. ಹುಟ್ಟಿದ್ದು ಮಂಗಳೂರಿನ ಹತ್ತಿರ ನೇತ್ರಾವತಿಯ ಒಂದು ಕುದ್ರುವಿನಲ್ಲಿ. ಕುದ್ರು ಎಂದರೆ ಸುತ್ತ ನೀರು, ನಡುವೆ ನಾಲ್ಕಾರು ಮನೆ. ಮಣ್ಣಿನ ಎಂಜಿನಿಯರಿಂಗ್ ಕಲಿತು, ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಹಿಡಿದು ಜರ್ಮನಿಗೆ ಬಂದು ಎರಡು ವರ್ಷವಾಗಿತ್ತು. ಅಲ್ಲಿ ಉತ್ತರದ ಒಂದು ಸರೋವರದ ನಡುಗಡ್ಡೆಯಲ್ಲಿ ಹೋಟೆಲು ಕಟ್ಟಲು ಯಾರೋ ಹೊರಟಿದ್ದರು. ಆ ನಡುಗಡ್ಡೆ ನೈಸರ್ಗಿಕವೋ, ಪುರಾತನ ಕಾಲದವರು ವಾಸಕ್ಕೆಂದು ಕಟ್ಟಿದ್ದೋ ಎಂದು ನೆಲ ಕೊರೆದು ಹೇಳುವುದು ಅವಳ ಕೆಲಸ. ಕಟ್ಟಿದ್ದಾದರೆ ಹೋಟೆಲಿಗೆ ಅನುಮತಿ ಸಿಗುವಂತಿರಲಿಲ್ಲ.

ಕೊರೆದ ಕೊಳವೆಯಲ್ಲಿ ಬಂದದ್ದು ಒಂದು ಪದರ ಕಡ್ಡಿ, ಮೇಲೆ ಕಲ್ಲು, ಜೇಡಿ, ಮತ್ತೆ ಕಡ್ಡಿ. ಸ್ವೀಡಲ್ ಎರಡನೇ ಸಲ ನೋಡಲೂ ಇಲ್ಲ. ಹುಟ್ಟಿದಾಗಿನಿಂದ ಕುದ್ರುವಿನಲ್ಲಿ ಅವಳು ಕಂಡ ನೆಲವೇ ಹಾಗಿತ್ತು. "ನೈಸರ್ಗಿಕ" ಎಂದು ಬರೆದು ಸಹಿ ಹಾಕಿಬಿಟ್ಟಳು.

ಆ ಭಾನುವಾರ ತಾಯಿ ಫಿಲೋಮಿನಾ ಫೋನಿನಲ್ಲಿ ಗೊಣಗಿದರು. "ಈ ವರ್ಷ ದಂಡೆಗೆ ಸೊಪ್ಪು, ಕಡ್ಡಿ ಹಾಕ್ಲಿಕ್ಕೆ ಒಬ್ಬರೂ ಬರ್ಲಿಲ್ಲ ಮಾರಾಯ್ತಿ. ನಾನೊಬ್ಬಳೇ ಎಷ್ಟು ಕಲ್ಲು ಹೊರುವುದು?"

"ಒಂದು ವರ್ಷ ಹಾಕದಿದ್ರೆ ಎಂತ ಆಗ್ತದೆ ಮಮ್ಮಿ?"

"ಎಂತ ಆಗ್ತದೆಯಾ? ಕುದ್ರು ತನ್ನಷ್ಟಕ್ಕೇ ನಿಂತದ್ದು ಅಂತ ಗ್ರಹಿಸಿದ್ದೀಯಾ? ನಿನ್ನಜ್ಜಿ ತಲೆಯಲ್ಲಿ ಹೊತ್ತು ತಂದ ಕಲ್ಲಿನ ಮೇಲೆ ನೀನು ಆಡಿದ್ದು!"

ಸ್ವೀಡಲ್‌ಗೆ ಕೊರೆದು ತೆಗೆದ ಆ ಕೊಳವೆ ನೆನಪಾಯಿತು. ಥೂ, ಎಂಥ ಕತ್ತೆ ನಾನು! ಕಣ್ಣೆದುರಿಗಿದ್ದದ್ದು ಹೀಗೇ ಕುದ್ರು ಕಟ್ಟಿದವರ ಕೈಕೆಲಸ. ಅದನ್ನೇ ನೈಸರ್ಗಿಕ ಎಂದು ಬರೆದುಕೊಟ್ಟಿದ್ದಳು. ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಬಾಸ್ ಕ್ರೇಮರನ ಎದುರು ನಿಂತು, ವರದಿ ತಪ್ಪು, ವಾಪಸು ಪಡೆಯಬೇಕು ಎಂದಳು. ಅವನು ನಕ್ಕ.

"ಕೊಳವೆ ನೋಡಿದ ದಿನವೇ ನನಗೆ ಗೊತ್ತಾಗಿತ್ತು. ನೀನೇ ನೈಸರ್ಗಿಕ ಅಂದೆ, ಹಣ ಕೊಡುವ ಹೋಟೆಲಿನವರಿಗೂ ಅದೇ ಬೇಕಿತ್ತು, ನಾನ್ಯಾಕೆ ಬೇಡ ಅನ್ನಲಿ? ಗುರುವಾರ ಅಡಿಪಾಯ ಅಗೆಯುವ ಯಂತ್ರ ಬರುತ್ತದೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಆಮೇಲೆ ಬೇರೆ ಕೆಲಸ ಹುಡುಕಲು ಮೂರು ತಿಂಗಳು ಟೈಮು, ವಿದೇಶಿಯರ ಕಚೇರಿಯ ಮುಂದೆ ವೀಸಾಕ್ಕೆ ಸಾಲು ನಿಲ್ಲು."

ಗೊತ್ತಿದ್ದೂ ಸುಮ್ಮನಿದ್ದನಲ್ಲ ಈ ಲಫಂಗ! ನನ್ನ ಪೆದ್ದುತನವನ್ನೇ ಅಡಿಪಾಯ ಮಾಡಿಕೊಂಡನಲ್ಲ! ಸ್ವೀಡಲ್ ತನ್ನ ಮೇಜಿಗೆ ಹೋಗಿ, ಪುರಾತನ ಸ್ಮಾರಕಗಳನ್ನು ಕಾಯುವ ಇಲಾಖೆಗೆ ಮೇಲ್ ಬರೆದಳು. ತಪ್ಪು ನನ್ನದು, ದ್ವೀಪ ಮನುಷ್ಯರು ಕಟ್ಟಿದ್ದು ಎಂದು ಬರೆದು, ಕೊಳವೆಯ ಫೋಟೋ ಸೇರಿಸಿ, ಕೆಳಗೆ ಪೂರ್ತಿ ಹೆಸರು ಹಾಕಿದಳು.

ಬುಧವಾರ ಇಲಾಖೆಯವರು ಬಂದು ಅಗೆದರು. ಕೊಡಲಿಯಿಂದ ಚೂಪು ಮಾಡಿದ ಮರದ ಗೂಟಗಳು ಸಾಲಾಗಿ ಸಿಕ್ಕವು. ಹೋಟೆಲಿನ ಕೆಲಸ ನಿಂತಿತು.

ಗುರುವಾರ ಕ್ರೇಮರ್ ಕೆಲಸದಿಂದ ತೆಗೆದ ಕಾಗದವನ್ನು ಅವಳ ಮೇಜಿನ ಮೇಲೆ ಎಸೆದ. "ಒಂದು ಹಾಳು ದಿಬ್ಬಕ್ಕಾಗಿ ಬದುಕು ಹಾಳು ಮಾಡಿಕೊಂಡೆಯಲ್ಲ!"

ಸ್ವೀಡಲ್ ಜರ್ಮನ್‌ನಲ್ಲಿ ಶುರುಮಾಡಿದಳು. ಸಿಟ್ಟಿಗೆ ಅದು ಸಾಲದೆ, ಅವನಿಗೆ ಅರ್ಥವಾಗದಿದ್ದರೆ ಹೋಗಲಿ ಎಂದು ಊರಿನ ಮಾತಿನಲ್ಲೇ ಕೂಗಿದಳು.

"ದಿಬ್ಬ ಅಂತೆ ದಿಬ್ಬ! ಯಾರದ್ದೋ ಅಮ್ಮ ಕಲ್ಲು ಹೊತ್ತು ಮಾಡಿದ ಅಂಗಳ ಅದು, ಬೇವರ್ಸಿ!"